ಪೌರಸಭೆಗಳೂ ಮಕ್ಕಳ ಮನೆಗಳೂ

ಶಿಶುಶಿಕ್ಷಣದ ಚರಿತ್ರೆಯನ್ನು ಬರೆದವರು ಸಾಮಾನ್ಯವಾಗಿ ಪದ್ಧತಿಯ ವಿಚಾರವನ್ನೇ ವಿಸ್ತರಿಸಿ ಬರೆದಿದ್ದಾರೆ. ಫ್ರೋಬೆಲ್ ಪಂಡಿತನು ಏನು ಹೇಳಿದನು, ಮೇರಿಯ ಮೊಂಟೆಸ್ಸೊರಿಯವರು ಏನು ಹೇಳಿದರು, ಮಗುವಿನ ಕೈಗೆ ಯಾವ ಉಪಕರಣವನ್ನು ಕೊಡಬೇಕು, ಹಾಡು ಮೊದಲೋ ಅಕ್ಷರ ಮೊದಲೋ ಎಂಬ ಪ್ರಶ್ನೆಗಳೇ ಆ ಗ್ರಂಥಗಳನ್ನು ತುಂಬಿವೆ. ಇವು ಮುಖ್ಯವಾದ ಪ್ರಶ್ನೆಗಳೇ ಸರಿ. ಆದರೆ ಮಗುವು ಕುಳಿತು ಆಡಬೇಕಾದರೆ ಮೊದಲು ಒಂದು ಕೊಠಡಿ ಬೇಕಷ್ಟೆ? ಆ ಕೊಠಡಿ ಯಾರದು, ಅದಕ್ಕೆ ಬಾಡಿಗೆ ಎಷ್ಟು, ಕೊಟ್ಟವರು ಯಾವ ಕರಾರಿನ ಮೇಲೆ ಕೊಟ್ಟರು, ಬಿಡಿಸಬೇಕೆಂದು ತೋರಿದಾಗ ಎಷ್ಟು ದಿನದ ವಾಯಿದೆ ಕೊಡುತ್ತಾರೆ, ಎಂಬುದನ್ನು ವಿಚಾರಿಸಿದವರು ಕಡಮೆ. ಈ ಭಾಷಣದಲ್ಲಿ ನಾವು ಆ ಕಡೆಗೆ ಸ್ವಲ್ಪ ದೃಷ್ಟಿಯನ್ನು ಹರಿಸಬೇಕೆಂದಿದ್ದೇವೆ.

ಪಟ್ಟಣಗಳನ್ನು ಸರಿಪಡಿಸಹೊರಟವರಿಗೆ ರಸ್ತೆ, ಚರಂಡಿ, ನೀರು, ಬೆಳಕುಗಳು ಮೊದಲು ಕಾಣುತ್ತವೆ. ಹಾಳುಬಿದ್ದ ಕೇರಿಯೊಂದನ್ನು ಕೆಡವಿ ಹೊಸದಾಗಿ ಕಟ್ಟುವಾಗ ಮನೆಗೆ ಇಷ್ಟು, ಅಂಗಡಿಗೆ ಇಷ್ಟು, ಬಂಡಿ ತಿರುಗುವುದಕ್ಕೆ ಇಷ್ಟು ಎಂದು ನಕ್ಷೆಯಲ್ಲಿ ಗೆರೆ ಎಳೆಯುತ್ತಾರೆ. ತಾಯಿಯು ಕೂಲಿಗೆ ಹೋದ ಮೇಲೆ ಮೂರು ವರ್ಷದ ಮಗು ಎಲ್ಲಿರಬೇಕು ಎಂಬುದಕ್ಕೆ ಆ ನಕ್ಷೆಯಲ್ಲಿ ಬಹುಕಾಲ ಸ್ಥಳವೇ ಇರಲಿಲ್ಲ. ಹತ್ತೊಂಬತ್ತನೆಯ ಶತಮಾನದ ಯೂರೋಪಿನ ಕೈಗಾರಿಕೆಯ ಪಟ್ಟಣಗಳಲ್ಲಿ ಇಂಥ ಮಗುವಿಗೆ ಎರಡೇ ಗತಿ: ಒಂದು ಬೀದಿ, ಇನ್ನೊಂದು ಹೊರಗಿನಿಂದ ಅಗಳಿ ಹಾಕಿದ ಮನೆ.

ಸ್ಕಾಟ್ಲೆಂಡಿನ ನ್ಯೂ ಲ್ಯಾನಾರ್ಕ್ ಎಂಬುದು ನೂಲಿನ ಗಿರಣಿಯ ಊರು. ಅಲ್ಲಿ ರಾಬರ್ಟ್ ಓವೆನ್ 1816ನೆಯ ಇಸವಿ ಜನವರಿ 1ನೆಯ ತಾರೀಖಿನಲ್ಲಿ ಒಂದು ವಿದ್ಯಾಸಂಸ್ಥೆಯನ್ನು ತೆರೆದು, ನಡೆಯಲು ಬಂದ ಶಿಶುಗಳನ್ನು ಕೂಡ ಅದರೊಳಗೆ ಸೇರಿಸಿಕೊಂಡನು. ಹೊಡೆತ ಬೈಗಳಿಲ್ಲದೆ ಆಟ, ಹಾಡು, ಕುಣಿತಗಳಲ್ಲಿ ಮಕ್ಕಳ ಹೊತ್ತು ಕಳೆಯುತ್ತಿತ್ತು. ಗಿರಣಿಯೂ ಓವೆನ್ನನ ಪಾಲುದಾರಿಕೆಯದು, ಕೂಲಿಯವರ ಮನೆಗಳೂ ಅದರವು, ದಿನಸಿಯ ಅಂಗಡಿಯೂ ಅದರದು. ಆದಕಾರಣ ಅಲ್ಲಿ ಬಾಡಿಗೆಯ ಮಾತೇ ಏಳಲಿಲ್ಲ. ಆದರೆ ಓವೆನ್ 1824ರಲ್ಲಿ ಅಮೆರಿಕಾ ದೇಶಕ್ಕೆ ಹೊರಟನು. ಮುಂದೆ ಆ ಗಿರಣಿಯೊಂದಿಗೆ ಅವನ ಸಂಬಂಧವೇ ಮುಗಿಯಿತು. ಒಬ್ಬ ಧಣಿಯ ಉದಾರಬುದ್ಧಿಯ ಮೇಲೆ ನಿಂತ ಮಕ್ಕಳ ಮನೆಯು ಆ ಧಣಿಯು ಇರುವವರೆಗೆ ಮಾತ್ರ ಭದ್ರವಾದುದು ಎಂಬ ಮೊದಲನೆಯ ಪಾಠ ಇಲ್ಲಿ ದೊರೆಯುತ್ತದೆ.

ಇದಾದ ಸುಮಾರು ತೊಂಬತ್ತು ವರ್ಷಗಳ ಮೇಲೆ ರೋಮ್ ಪಟ್ಟಣದಲ್ಲಿ ನಡೆದ ಸಂಗತಿಯು ಲೋಕಪ್ರಸಿದ್ಧವಾಗಿದೆ. ರೋಮ್ ನಗರವು 1871ರಲ್ಲಿ ಐಕ್ಯವಾದ ಇಟಲಿಯ ರಾಜಧಾನಿಯಾಯಿತು. ಸರ್ಕಾರದ ಕಚೇರಿಗಳು ಬಂದುವು, ಅವುಗಳ ಬೆನ್ನಿಗೆ ಜನ ಬಂದರು, ಜನಗಳ ಬೆನ್ನಿಗೆ ಕಂಟ್ರಾಕ್ಟುದಾರರು ಬಂದರು. ಸಾಲ ತಂದು ಮನೆಗಳನ್ನು ಕಟ್ಟುವ ಒಂದು ಹುಚ್ಚು 1880ರಿಂದ ಈಚೆಗೆ ಊರನ್ನೇ ಹಿಡಿಯಿತು. ಆ ದಶಕದ ಕೊನೆಯಲ್ಲಿ ಬ್ಯಾಂಕುಗಳು ಕುಸಿಯಲು, ಅರ್ಧ ಕಟ್ಟಿದ ಮನೆಗಳು ಹಾಗೆಯೇ ನಿಂತುವು. ಕಿಟಕಿ ಬಾಗಿಲುಗಳಿಲ್ಲದ, ನೀರಿಲ್ಲದ ಆ ಗೋಡೆಗಳೊಳಗೆ ಬೇರೆಲ್ಲಿಯೂ ನೆಲೆಯಿಲ್ಲದ ಬಡವರು ಸೇರಿಕೊಂಡರು. ನಗರದ ಹಳೆಯ ಕೋಟೆಗೋಡೆಯ ಹೊರಗೆ, ರೈಲು ಹಾದಿಗೂ ವೆರಾನೋ ಎಂಬ ದೊಡ್ಡ ಸ್ಮಶಾನಕ್ಕೂ ನಡುವೆ ಇರುವ ಸಾನ್ ಲೊರೆಂಜೊ ಎಂಬ ಕೇರಿಯು ಇಂಥದು. ಅಲ್ಲಿ ದೊಡ್ಡ ಮನೆಯನ್ನು ಒಬ್ಬನು ಬಾಡಿಗೆಗೆ ಹಿಡಿದು, ಅದರೊಳಗಿನ ಕೋಣೆಗಳನ್ನೂ ಕೋಣೆಯ ಮೂಲೆಗಳನ್ನೂ ಇತರರಿಗೆ ಒಳಬಾಡಿಗೆಗೆ ಕೊಡುತ್ತಿದ್ದನು.

ಬೇನಿ ಸ್ತಾಬಿಲಿ ಎಂಬ ಸ್ಥಿರಾಸ್ತಿ ಸಂಸ್ಥೆಯೊಂದು 1904ರಲ್ಲಿ ರೋಮ್ ನಗರದಲ್ಲಿ ಸ್ಥಾಪಿತವಾಗಿ ಈ ಕೇರಿಯ ಜೀರ್ಣೋದ್ಧಾರವನ್ನು ಕೈಗೊಂಡಿತು. ಎದುವಾರ್ದೊ ತಲಾಮೊ ಎಂಬ ಎಂಜಿನಿಯರು ಅದರ ಮುಖ್ಯಾಧಿಕಾರಿ. ಮೊಂಟೆಸ್ಸೊರಿಯವರೇ ಬರೆದಿರುವಂತೆ, ಈ ಸಂಸ್ಥೆಯು ಸಾನ್ ಲೊರೆಂಜೊದಲ್ಲಿ 58 ಕಟ್ಟಡಗಳನ್ನು ತೆಗೆದುಕೊಂಡಿತು. ನೆಲ ಅಂತಸ್ತನ್ನು ಬಿಟ್ಟು ಅವುಗಳಲ್ಲಿ 1,600 ಸಣ್ಣ ಬಿಡಾರಗಳಿದ್ದುವು. ಗಾಳಿ ಬೆಳಕಿಗೆ ಅಡ್ಡವಾಗಿದ್ದ ಭಾಗಗಳನ್ನು ಕೆಡವಿ ಅಂಗಳಗಳನ್ನು ಮಾಡಿದರು. ದೊಡ್ಡ ಮನೆಗಳನ್ನು ಸಣ್ಣವಾಗಿ ಒಡೆದು, ಒಂದೊಂದು ಸಂಸಾರಕ್ಕೆ ಒಂದೊಂದು ಬಿಡಾರವಾಗುವಂತೆ ವಿಭಾಗಿಸಿ, ಒಳಬಾಡಿಗೆಯ ಅನಿಷ್ಟವು ತಾನಾಗಿ ತಪ್ಪುವಂತೆ ಮಾಡಿದರು. ಮನೆಯನ್ನು ಚೊಕ್ಕಟವಾಗಿ ಇಟ್ಟುಕೊಂಡವರಿಗೆ ವರ್ಷಕ್ಕೊಮ್ಮೆ ಬಹುಮಾನವನ್ನೂ ಗೊತ್ತುಮಾಡಿದರು.

ಹೀಗಿರಲಾಗಿ ಒಂದು ತೊಡಕು ಉಳಿಯಿತು. ತಂದೆತಾಯಿಗಳಿಬ್ಬರೂ ಬೆಳಗಾಗುತ್ತಲೇ ಕೆಲಸಕ್ಕೆ ಹೋಗುವರು. ದೊಡ್ಡ ಮಕ್ಕಳು ಪಾಠಶಾಲೆಗೆ ಹೋಗುವರು. ಪಾಠಶಾಲೆಯ ವಯಸ್ಸಿಗೆ ಬಾರದ ಪುಟ್ಟ ಮಕ್ಕಳು ಮಾತ್ರ ದಿನವೆಲ್ಲ ಮೆಟ್ಟಿಲುಗಳ ಮೇಲೆ, ಮೊಗಸಾಲೆಗಳಲ್ಲಿ ಅಲೆದಾಡುತ್ತ ಹೊಸದಾಗಿ ಸುಣ್ಣ ಬಳಿದ ಗೋಡೆಗಳನ್ನು ಗೀಚಿ ಕೆಡಿಸುವರು. ಇದರ ದುರಸ್ತಿಗೆ ವರ್ಷಂಪ್ರತಿ ತಗಲುವ ಹಣವನ್ನು ತಲಾಮೊ ಲೆಕ್ಕ ಹಾಕಿದನು. ಅದೇ ಹಣದಿಂದ ಒಂದು ಕೊಠಡಿಯನ್ನು ಬಿಟ್ಟುಕೊಟ್ಟು, ಒಬ್ಬ ಮೇಲ್ವಿಚಾರಕಿಯನ್ನು ಇಟ್ಟು, ಈ ಮಕ್ಕಳನ್ನು ಒಂದೆಡೆ ಸೇರಿಸಿದರೆ ಗೋಡೆಯೂ ಉಳಿಯುವುದು, ಮಕ್ಕಳೂ ಉಳಿಯುವರು ಎಂದು ಅವನಿಗೆ ತೋರಿತು. ವೈದ್ಯಪದವಿಯನ್ನು ಪಡೆದು, ಮಂದಬುದ್ಧಿಯೆನಿಸಿದ ಮಕ್ಕಳ ಶಿಕ್ಷಣದಲ್ಲಿ ಹೆಸರು ಪಡೆದಿದ್ದ ಮೊಂಟೆಸ್ಸೊರಿಯವರನ್ನು ಅವನು ಕರೆದನು. 1907ನೆಯ ಇಸವಿ ಜನವರಿ 6ನೆಯ ತಾರೀಖು ಮಾರ್ಸಿ ಬೀದಿಯ ಕಟ್ಟಡವೊಂದರಲ್ಲಿ ಮೊದಲನೆಯ ‘ಕಾಸಾ ದೈ ಬಾಂಬೀನಿ’, ಎಂದರೆ ‘ಮಕ್ಕಳ ಮನೆ’, ತೆರೆಯಿತು. ಅದೇ ಕೇರಿಯಲ್ಲಿ ಏಪ್ರಿಲ್ 7ರಂದು ಎರಡನೆಯದು ತೆರೆಯಿತು. 1908ರ ಅಕ್ಟೋಬರಿನಲ್ಲಿ ಮಿಲಾನ್ ನಗರದ ಕೂಲಿಗಾರರ ವಸತಿಯೊಂದರಲ್ಲಿಯೂ ಇಂಥದೇ ಮನೆ ಏರ್ಪಟ್ಟಿತು.

ಇಲ್ಲಿನ ಕರಾರನ್ನು ಸ್ವಲ್ಪ ಗಮನಿಸಬೇಕು. ತಂದೆತಾಯಿಗಳು ಶುಲ್ಕವನ್ನು ಕೊಡಬೇಕಾಗಿರಲಿಲ್ಲ. ಅದಕ್ಕೆ ಬದಲಾಗಿ ಮಕ್ಕಳನ್ನು ಗೊತ್ತಾದ ಹೊತ್ತಿಗೆ, ಮೈ ಬಟ್ಟೆಗಳು ಶುಭ್ರವಾಗಿರುವಂತೆ ಕಳುಹಿಸಬೇಕು. ಮೇಲ್ವಿಚಾರಕಿಯಲ್ಲಿ ಗೌರವದಿಂದ ನಡೆದುಕೊಳ್ಳಬೇಕು. ತಾಯಿಯು ವಾರಕ್ಕೆ ಒಮ್ಮೆಯಾದರೂ ಬಂದು ಮಗುವಿನ ವಿಷಯವಾಗಿ ಮಾತನಾಡಬೇಕು. ಮೇಲ್ವಿಚಾರಕಿಯು ಅದೇ ಕಟ್ಟಡದಲ್ಲಿಯೇ ವಾಸಮಾಡಬೇಕು. ಕೊಳೆಯಾಗಿ ಬಂದ ಮಗುವನ್ನೂ, ತಿದ್ದಲಾಗದ ಮಗುವನ್ನೂ, ಗೌರವ ತಪ್ಪಿದವರ ಮಗುವನ್ನೂ ಹೊರಗೆ ಕಳುಹಿಸುವ ಅಧಿಕಾರವುಂಟು. ಬಾಡಿಗೆದಾರರು ಕೊಡುವ ಬಾಡಿಗೆಯ ಒಂದು ಭಾಗದಿಂದಲೇ ಈ ಮನೆ ನಡೆಯುವುದಾದ್ದರಿಂದ ಇದು ತಾಯಂದಿರ ಸ್ವಂತ ಸೊತ್ತು ಎಂದು ಮೊಂಟೆಸ್ಸೊರಿಯವರು ಸಂತೋಷದಿಂದ ಹೇಳಿದರು. ಒಂದು ದೃಷ್ಟಿಯಲ್ಲಿ ಅದು ನಿಜ. ತಾಯಿಯು ಯಾರ ಮುಂದೆಯೂ ಕೈಯೊಡ್ಡದೆ, ಕೆಲಸದಿಂದ ಬಂದೊಡನೆ ಮೆಟ್ಟಿಲಿಳಿದು ಮಗುವನ್ನು ಕಾಣಬಹುದಾದ ಏರ್ಪಾಡು ಅದುವರೆಗೆ ಬಡವರಿಗೆ ಇರಲಿಲ್ಲ.

ಆದರೆ ಇನ್ನೊಂದು ದೃಷ್ಟಿಯೂ ಉಂಟು. ಯಾವ ಮನೆಯಲ್ಲಿ ನೀರಿಗೆ ಕಷ್ಟವೋ, ಯಾವ ತಾಯಿಗೆ ರಾತ್ರಿ ಹಗಲು ದುಡಿಮೆಯೋ, ಆ ಮನೆಯ ಮಗುವೇ ಕೊಳೆಯಾಗಿ ಬರುವುದು. ಮಕ್ಕಳ ಮನೆಯ ಆಶ್ರಯವು ಎಲ್ಲರಿಗಿಂತ ಹೆಚ್ಚಾಗಿ ಬೇಕಾದುದು ಆ ಮಗುವಿಗೇ. ಕರಾರಿನ ಮೇರೆಗೆ ಮೊದಲು ಹೊರಗೆ ಹೋಗಬೇಕಾದುದೂ ಆ ಮಗುವೇ. ಕೊಠಡಿಯನ್ನು ಬಿಟ್ಟುಕೊಡುವವನು ತನ್ನ ಗೋಡೆಯ ಹಿತವನ್ನು ಮುಂದಿಟ್ಟುಕೊಂಡು ಬರೆದ ಕರಾರಿನಲ್ಲಿ ಇದು ಸಹಜವೇ. ತಾಯಂದಿರದು ಎಂದು ಹೇಳಿದ ಆ ಸೊತ್ತಿನ ಬೀಗದ ಕೈ ಸಂಸ್ಥೆಯ ಬಳಿಯೇ ಇತ್ತು. ಹೆಚ್ಚು ವರ್ಷಗಳು ಕಳೆಯುವುದಕ್ಕೆ ಮುಂಚೆಯೇ ತಲಾಮೊಗೂ ಮೊಂಟೆಸ್ಸೊರಿಯವರಿಗೂ ಭಿನ್ನಾಭಿಪ್ರಾಯ ಬೆಳೆದು ಸಂಬಂಧ ಕಡಿಯಿತು. ಯಾರ ಹೆಸರಿನಿಂದ ಆ ಕೊಠಡಿಯು ಲೋಕಕ್ಕೆಲ್ಲ ತಿಳಿದು ಬಂದಿತೋ ಅವರಿಗೇ ಅದರಲ್ಲಿ ಹಕ್ಕು ಇರಲಿಲ್ಲ.

ಇನ್ನು ಲಂಡನ್ನಿನ ಸಂಗತಿ. ಥೇಮ್ಸ್ ನದಿಯ ದಕ್ಷಿಣದ ದಡದಲ್ಲಿರುವ ಡೆಟ್‌ಫರ್ಡ್ ಎಂಬ ಭಾಗದಲ್ಲಿ ಇಂಗ್ಲೆಂಡಿನ ಅರಸರ ಹಡಗುಕಟ್ಟೆಯಿತ್ತು. ರಷ್ಯದ ಚಕ್ರವರ್ತಿ ಪೀಟರನು 1698ರಲ್ಲಿ ಹಡಗು ಕಟ್ಟುವ ವಿದ್ಯೆಯನ್ನು ಕಲಿಯಲು ಬಂದು ತಂಗಿದ್ದುದು ಇಲ್ಲಿಯೇ. ಆ ಹಡಗುಕಟ್ಟೆಯು 1869ರಲ್ಲಿ ಮುಚ್ಚಿತು. ಅದರ ಸ್ಥಳದಲ್ಲಿ ಹೊರದೇಶದ ದನಗಳನ್ನು ತಂದು ಕಡಿಯುವ ದೊಡ್ಡ ಸಂತೆಯು ಏರ್ಪಟ್ಟಿತು. ಅಲ್ಲಿ ಕರುಳುಗಳನ್ನು ತೊಳೆಯುವ ಹೊಲಸು ಕೆಲಸಕ್ಕೆ ಆ ಕೇರಿಯ ಹೆಣ್ಣುಮಕ್ಕಳೇ ಹೋಗುತ್ತಿದ್ದರು. ಅದೂ 1913ರಲ್ಲಿ ನಿಂತಿತು. ಒಂದಾದ ಮೇಲೊಂದರಂತೆ ದುಡಿಮೆಯ ದಾರಿಗಳು ಮುಚ್ಚಿದ ಕೇರಿಯಲ್ಲಿ ಮಕ್ಕಳ ಸ್ಥಿತಿ ಹೇಗಿರಬಹುದೆಂಬುದನ್ನು ಊಹಿಸುವುದು ಕಷ್ಟವಲ್ಲ.

ಈ ಕೇರಿಗೆ ಬಂದು ನೆಲಸಿದವರು ರೇಚಲ್ ಮತ್ತು ಮಾರ್ಗರೆಟ್ ಮ್ಯಾಕ್‌ಮಿಲನ್ ಎಂಬ ಸೋದರಿಯರು. ಮಾರ್ಗರೆಟ್ ಅವರು 1894ರಲ್ಲಿ ಬ್ರಾಡ್‌ಫರ್ಡ್ ಪಟ್ಟಣದ ವಿದ್ಯಾಮಂಡಲಿಗೆ ಚುನಾಯಿತರಾಗಿ, ಬಡ ಮಕ್ಕಳಿಗೆ ಪಾಠಶಾಲೆಯಲ್ಲಿಯೇ ಸ್ನಾನದ ಏರ್ಪಾಡಾಗಬೇಕೆಂದು ಹೋರಾಡಿದವರು. ಸೋದರಿಯರು 1910ರಲ್ಲಿ ಡೆಟ್‌ಫರ್ಡಿನಲ್ಲಿ ಮಕ್ಕಳ ಚಿಕಿತ್ಸಾಲಯವೊಂದನ್ನು ತೆರೆದರು. ಬಂದ ಮಕ್ಕಳಿಗೆ ಔಷಧ ಕೊಟ್ಟು ಗುಣಪಡಿಸಿ ಕಳುಹಿಸಿದರೆ, ಕೆಲವು ವಾರಗಳಲ್ಲಿ ಅದೇ ಮಕ್ಕಳು ಅದೇ ರೋಗವನ್ನು ಹೊತ್ತುಕೊಂಡು ತಿರುಗಿ ಬರುತ್ತಿದ್ದರು. ಗಾಳಿ, ಬಿಸಿಲು, ನಿದ್ದೆ, ಊಟ ಇವುಗಳಿಲ್ಲದ ಕಡೆ ಔಷಧವು ವ್ಯರ್ಥವೆಂದು ಮನಗಂಡು, ಬಯಲಿನಲ್ಲಿಯೇ ಶಿಶುಗಳನ್ನು ಸಾಕುವ ಪ್ರಯೋಗವನ್ನು ಅವರು 1914ರಲ್ಲಿ ಆರಂಭಿಸಿದರು.

ಇದಕ್ಕೆ ನೆಲ ಬೇಕಾಯಿತು. ಸ್ಟೋವೇಜ್ ಎಂಬ ಕಡೆ ಲಂಡನ್ ಕೌಂಟಿ ಕೌನ್ಸಿಲಿಗೆ ಸೇರಿದ ಒಂದು ಬಯಲಿತ್ತು. ಮುಂದೆ ಪಾಠಶಾಲೆ ಕಟ್ಟಬೇಕೆಂದು ಕೌನ್ಸಿಲು ಅದನ್ನು ತೆಗೆದಿಟ್ಟಿತ್ತು. ಆ ನೆಲವನ್ನು ಸೋದರಿಯರಿಗೆ ವರ್ಷಕ್ಕೆ ಒಂದು ಷಿಲಿಂಗು ಬಾಡಿಗೆಯ ಮೇಲೆ ಕೊಟ್ಟಿತು. ಒಂದು ಷಿಲಿಂಗು ಎಂದರೆ ಆ ಕಾಲದ ನಮ್ಮ ಹನ್ನೆರಡು ಆಣೆ. ಆದರೆ ಕರಾರಿನಲ್ಲಿ ಇನ್ನೊಂದು ವಾಕ್ಯವೂ ಇತ್ತು. ಕೌನ್ಸಿಲು ಕೇಳಿದಾಗ ಒಂದು ದಿನದ ವಾಯಿದೆಯಲ್ಲಿ ನೆಲವನ್ನು ತೆರವುಮಾಡಿಕೊಡಬೇಕು! ಬಾಡಿಗೆಯಲ್ಲಿ ಇದಕ್ಕಿಂತ ಉದಾರವಾದ ಕರಾರು ಇರಲಾರದು. ಅವಧಿಯಲ್ಲಿ ಇದಕ್ಕಿಂತ ಅಭದ್ರವಾದುದೂ ಇರಲಾರದು.

ಈ ಎರಡು ವಾಕ್ಯಗಳ ನಡುವೆಯೇ ಡೆಟ್‌ಫರ್ಡಿನ ಶಿಶುವಿಹಾರವು ಬೆಳೆಯಿತು. ಅಲ್ಲಿ ದೊಡ್ಡ ಕಟ್ಟಡವಿರಲಿಲ್ಲ. ಒಂದು ಪಾರ್ಶ್ವ ತೆರೆದ ಹಗುರವಾದ ಚಾವಡಿಗಳು, ನಡುವೆ ತೋಟ, ಮಕ್ಕಳಿಗೆ ಸ್ನಾನ, ಹೊತ್ತುಹೊತ್ತಿಗೆ ಊಟ, ಮಧ್ಯಾಹ್ನ ಮಂಚದ ಮೇಲೆ ನಿದ್ದೆ. ಬಯಲು ಗಾಳಿಯಲ್ಲಿ ಮಕ್ಕಳ ಆರೋಗ್ಯ ಬೆಳೆಯುವುದೆಂಬುದು ಸೋದರಿಯರ ಸಿದ್ಧಾಂತವಾಗಿತ್ತು, ಅದು ಸತ್ಯವೇ. ಆದರೂ, ಒಂದು ದಿನದ ವಾಯಿದೆಯಲ್ಲಿ ಬಿಡಬೇಕಾದ ನೆಲದ ಮೇಲೆ ಕಲ್ಲುಗೋಡೆಯನ್ನು ಎಬ್ಬಿಸುವವರು ಯಾರು ಎಂಬುದನ್ನು ನಾವು ಮರೆಯಬಾರದು. ಯುದ್ಧಕಾಲದಲ್ಲಿ ಮದ್ದುಗುಂಡಿನ ಕಾರ್ಖಾನೆಗಳಿಗೆ ಹೆಂಗಸರು ಬೇಕಾದರು. ಅವರ ಮಕ್ಕಳನ್ನು ನೋಡಿಕೊಂಡುದಕ್ಕಾಗಿ ಸರ್ಕಾರದ ಮದ್ದುಗುಂಡಿನ ಇಲಾಖೆಯು ತಲೆಗೆ ಇಂತಿಷ್ಟೆಂದು ಹಣವನ್ನು ಕೊಟ್ಟಿತು. ರೇಚಲ್ ಅವರು 1917ರ ಮಾರ್ಚಿಯಲ್ಲಿ ತೀರಿಕೊಂಡರು. ತಂಗಿಯು ಶಿಶುವಿಹಾರಕ್ಕೆ ಅಕ್ಕನ ಹೆಸರನ್ನೇ ಇಟ್ಟು ಕೆಲಸವನ್ನು ಮುಂದುವರಿಸಿದರು.

ಫಿಷರ್ ಎಂಬವರು ವಿದ್ಯಾಮಂತ್ರಿಗಳಾಗಿದ್ದಾಗ 1918ರಲ್ಲಿ ಹೊಸ ಶಿಕ್ಷಣ ಕಾಯಿದೆಯು ಹೊರಟಿತು. ಎರಡರಿಂದ ಐದು ವರ್ಷದ ಮಕ್ಕಳಿಗಾಗಿ ಶಿಶುವಿಹಾರಗಳನ್ನು ಸ್ಥಾಪಿಸಲು, ಇಲ್ಲವೆ ಅವುಗಳಿಗೆ ಸಹಾಯಮಾಡಲು, ಸ್ಥಳೀಯ ಅಧಿಕಾರಿಗಳಿಗೆ ಆ ಕಾಯಿದೆಯು ಅಧಿಕಾರವನ್ನು ಕೊಟ್ಟಿತು. ಮಾಡಬಹುದು ಎಂದು ಹೇಳಿತೇ ಹೊರತು ಮಾಡತಕ್ಕದ್ದು ಎಂದು ಹೇಳಲಿಲ್ಲ. ಯುದ್ಧಾನಂತರದ ಮುಗ್ಗಟ್ಟಿನಲ್ಲಿ ಅನೇಕ ಕೌನ್ಸಿಲುಗಳಿಗೆ ಈ ‘ಬಹುದು’ ಎಂಬ ಮಾತು ಅನುಕೂಲವಾಗಿ ಪರಿಣಮಿಸಿತು. ಎರಡನೆಯ ಮಹಾಯುದ್ಧದಲ್ಲಿ ಮತ್ತೆ ಹೆಂಗಸರ ದುಡಿಮೆ ಬೇಕಾಗಲು, ಬ್ರಿಟನ್ನಿನಲ್ಲಿ ಸಾವಿರಕ್ಕೂ ಮಿಕ್ಕ ಯುದ್ಧಕಾಲದ ಶಿಶುವಿಹಾರಗಳು ಎದ್ದುವು. 1945ರಲ್ಲಿ ಯುದ್ಧವು ಮುಗಿಯಿತು. ಸರ್ಕಾರದ ಧನಸಹಾಯವು ಇಳಿಯಿತು. ಅವುಗಳಲ್ಲಿ ಬಹುಭಾಗ ಮುಚ್ಚಿಹೋದುವು. ಮಗುವಿಗಾಗಿ ಕೊಟ್ಟ ಕೊಠಡಿಯಾಗಿದ್ದರೆ ಮಗುವು ಇರುವವರೆಗೂ ಉಳಿಯುತ್ತಿತ್ತು. ಕಾರ್ಖಾನೆಗಾಗಿ ಕೊಟ್ಟುದಾದ್ದರಿಂದ ಕಾರ್ಖಾನೆಯ ಅಗತ್ಯ ತೀರಿದೊಡನೆ ಹೋಯಿತು.

ಮೂರನೆಯ ದೃಷ್ಟಾಂತವು ವಿಯೆನ್ನಾ ನಗರದ್ದು. ಮೊದಲನೆಯ ಮಹಾಯುದ್ಧದಲ್ಲಿ ಸೋತು ಸಾಮ್ರಾಜ್ಯವನ್ನು ಕಳೆದುಕೊಂಡ ಆಸ್ಟ್ರಿಯ ದೇಶದ ಆ ರಾಜಧಾನಿಯಲ್ಲಿ ಹಸಿವು, ಕ್ಷಯರೋಗ, ವಸತಿಯ ಅಭಾವ ಈ ಮೂರೂ ಒಟ್ಟಿಗೆ ಬಂದಿದ್ದುವು. 1919ರ ಪೌರಸಭೆಯ ಚುನಾವಣೆಯಲ್ಲಿ ಸಮಾಜವಾದಿ ಪ್ರಜಾಪಕ್ಷದವರು ಅಧಿಕಾರಕ್ಕೆ ಬಂದರು. ನಗರದ ಹಣಕಾಸನ್ನು ನೋಡಿಕೊಳ್ಳುತ್ತಿದ್ದ ಹ್ಯೂಗೊ ಬ್ರೈಟ್ನರ್ 1923ರಲ್ಲಿ ಮನೆಗಳ ಮೇಲೆ ಹೊಸ ತೆರಿಗೆಯನ್ನು ಹಾಕಿದನು. ಮನೆಯು ದೊಡ್ಡದಾದಷ್ಟೂ ತೆರಿಗೆಯ ಪ್ರಮಾಣವೂ ಏರುತ್ತಿತ್ತು. ಅದರಿಂದ ಬಂದ ಹಣವು ಕೂಲಿಗಾರರ ವಸತಿಗೇ ಮೀಸಲು. ಐದು ವರ್ಷದಲ್ಲಿ 25,000 ಮನೆಗಳನ್ನು ಕಟ್ಟುವುದಾಗಿ ಅದೇ ವರ್ಷ ಪೌರಸಭೆಯು ಸಂಕಲ್ಪಿಸಿತು. 1934ರ ವೇಳೆಗೆ ಅರುವತ್ತು ಸಾವಿರಕ್ಕೂ ಹೆಚ್ಚು ಮನೆಗಳು ಎದ್ದುವು.

ನಮಗೆ ಇಲ್ಲಿ ಮುಖ್ಯವಾದುದು ಮನೆಗಳ ಸಂಖ್ಯೆಯಲ್ಲ, ನಕ್ಷೆ. ಕಾರ್ಲ್ ಎಹ್ನ್ ಎಂಬ ಶಿಲ್ಪಿಯು ರಚಿಸಿ 1930ರಲ್ಲಿ ತೆರೆಯಲಾದ ಕಾರ್ಲ್ ಮಾರ್ಕ್ಸ್ ಹೋಫ್ ಎಂಬ ವಸತಿಸಮುಚ್ಚಯವು ಒಂದು ಕಿಲೋಮೀಟರಿಗೂ ಉದ್ದವಾದುದು, 1,382 ಬಿಡಾರಗಳುಳ್ಳದ್ದು. ಆ ನೆಲದಲ್ಲಿ ಐದನೆಯ ಒಂದು ಭಾಗಕ್ಕೂ ಕಡಮೆ ಕಟ್ಟಡಕ್ಕೆ ಹೋಗಿ, ಉಳಿದುದೆಲ್ಲ ಅಂಗಳವೂ ತೋಟವೂ ಆಗಿತ್ತು. ಬಟ್ಟೆ ಒಗೆಯುವ ಸಾಲೆ, ಸ್ನಾನಗೃಹ, ಪುಸ್ತಕಭಂಡಾರ, ದಂತಚಿಕಿತ್ಸಾಲಯ ಇವುಗಳೊಡನೆ ಎರಡು ಶಿಶುವಿಹಾರಗಳೂ ಮೊದಲಿನ ನಕ್ಷೆಯಲ್ಲಿಯೇ ಸೇರಿದ್ದುವು. ಅಂದರೆ ಮಕ್ಕಳ ಕೊಠಡಿಯು ಧಣಿಯ ದಯೆಯಿಂದ ಉಳಿದ ಮೂಲೆಯಾಗಲಿ, ಮುಂದಿನ ಪಾಠಶಾಲೆಗೆಂದು ಕಾದಿಟ್ಟ ಬಯಲಾಗಲಿ ಆಗದೆ, ಚರಂಡಿ ಮೆಟ್ಟಿಲುಗಳ ಹಾಗೆ ಮನೆಯ ಒಂದು ಅಂಗವೇ ಆಯಿತು. ನಗರದ ಆರೋಗ್ಯ ಮತ್ತು ಜನಹಿತಗಳ ಭಾರವನ್ನು 1920ರಿಂದ ಹೊತ್ತಿದ್ದ ಯೂಲಿಯುಸ್ ತಾಂಡ್ಲರ್ ಎಂಬ ವೈದ್ಯನು, ಮಕ್ಕಳಿಗಾಗಿ ಮಾಡುವ ವೆಚ್ಚವು ಮುಂದೆ ಸೆರೆಮನೆಗಳಿಗೆ ಮಾಡಬೇಕಾಗುವ ವೆಚ್ಚವನ್ನು ಉಳಿಸುತ್ತದೆಂದು ಸಾರುತ್ತಿದ್ದನು. ಮೊಂಟೆಸ್ಸೊರಿ ಪದ್ಧತಿಯ ಶಿಶುವಿಹಾರವೊಂದು ಗಯಟೆ ಹೋಫ್ ಎಂಬ ಇನ್ನೊಂದು ಸಮುಚ್ಚಯದಲ್ಲಿ ಏರ್ಪಟ್ಟಿತು. ಅದರ ಪೀಠೋಪಕರಣಗಳನ್ನು ಫ್ರಾಂಟ್ಸ್ ಸಿಂಗರ್ ಮತ್ತು ಫ್ರೀಡ್ಲ್ ಡಿಕರ್ ಎಂಬ ಕಲಾವಿದರು ಮಕ್ಕಳ ಎತ್ತರಕ್ಕೆ ತಕ್ಕಂತೆ ರಚಿಸಿದ್ದರು.

ಪೌರಸಭೆಯೇ ಯಜಮಾನನಾದುದರಿಂದ ಎಲ್ಲವೂ ಶಾಶ್ವತವಾಯಿತೆಂದು ತಿಳಿಯಬೇಕೆ? ಹಾಗೆ ಹೇಳುವಂತಿಲ್ಲ. 1934ರ ಫೆಬ್ರವರಿಯಲ್ಲಿ ಅಂತರ್ಯುದ್ಧವು ಎದ್ದು, ಸರ್ಕಾರದ ಸೈನ್ಯವು ಕಾರ್ಲ್ ಮಾರ್ಕ್ಸ್ ಹೋಫಿನ ಮೇಲೆ ಫಿರಂಗಿಯನ್ನು ಹಾರಿಸಿತು. ಚುನಾಯಿತವಾದ ಪೌರಸಭೆಯು ರದ್ದಾಯಿತು. 1938ರಲ್ಲಿ ಜರ್ಮನಿಯು ಆಸ್ಟ್ರಿಯವನ್ನು ನುಂಗಿದ ಮೇಲೆ ಗಯಟೆ ಹೋಫಿನ ಶಿಶುವಿಹಾರದ ಆ ಚೆಲುವಾದ ಏರ್ಪಾಡು ನಾಶವಾಯಿತು. ಫ್ರೀಡ್ಲ್ ಡಿಕರ್ ಯೆಹೂದ್ಯಳಾದ್ದರಿಂದ ಟೆರೆಜೀನ್ ಬಂದೀಖಾನೆಗೆ ಹೋಗಬೇಕಾಯಿತು. ಅಲ್ಲಿಯೂ ಆಕೆ ಮಕ್ಕಳಿಗೆ ಚಿತ್ರ ಬರೆಯುವುದನ್ನು ಕಲಿಸುತ್ತಿದ್ದು, 1944ರಲ್ಲಿ ಆಷ್‌ವಿಟ್ಸಿನಲ್ಲಿ ಕೊಲೆಯಾದಳು. ಸಾನ್ ಲೊರೆಂಜೊ ಕೇರಿಯ ಮೇಲೆಯೂ 1943ರ ಜುಲೈ 19ರಂದು ಮಿತ್ರರಾಷ್ಟ್ರಗಳ ಬಾಂಬುಗಳು ಬಿದ್ದುವು. ಇಂಥ ಉತ್ಪಾತಗಳನ್ನು ತಡೆಯುವ ಶಕ್ತಿ ಯಾವ ಕರಾರುಪತ್ರಕ್ಕೂ ಇಲ್ಲ. ಆದರೂ ವಿಯೆನ್ನಾ ನಗರದ ಆ ವಸತಿಗಳು ಯುದ್ಧವನ್ನು ದಾಟಿ ಪೌರಸಭೆಯ ಕೈಯಲ್ಲಿಯೇ ಉಳಿದುವೆಂಬುದನ್ನು ನಾವು ನೆನೆಯಬೇಕು. ನಕ್ಷೆಯಲ್ಲಿ ಸ್ಥಳ ಪಡೆದುದು ಅಷ್ಟು ಸುಲಭವಾಗಿ ಅಳಿಯುವುದಿಲ್ಲ.

ಈ ವಿಷಯವು ನಮ್ಮ ದೇಶಕ್ಕೆ ದೂರವಾದುದಲ್ಲ. ಮೊಂಟೆಸ್ಸೊರಿಯವರು 1939ರಲ್ಲಿ ಮದರಾಸಿನ ಅಡಯಾರಿಗೆ ಬಂದರು. ಇಟಲಿಯು ಯುದ್ಧಕ್ಕಿಳಿದುದರಿಂದ ಶತ್ರುದೇಶದ ಪ್ರಜೆಯೆನಿಸಿ, ಕೊಡೈಕಾನಲ್ ಮೊದಲಾದ ಕಡೆಗಳಲ್ಲಿದ್ದು 1946ರವರೆಗೂ ಇಲ್ಲಿಯೇ ಉಳಿದರು. ಅವರ ಪದ್ಧತಿಯನ್ನು ನಮ್ಮ ಪಟ್ಟಣಗಳ ವಿದ್ಯಾವಂತರು ಆದರದಿಂದ ಬರಮಾಡಿಕೊಂಡರು. ಆದರೆ ಕೂಲಿಗಾರರ ಕೇರಿಯಲ್ಲಿ, ಬಾಡಿಗೆಯ ಮನೆಗಳ ನಡುವೆ ಹುಟ್ಟಿದ ಆ ಪದ್ಧತಿಯು ನಮ್ಮಲ್ಲಿ ಬಹುಮಟ್ಟಿಗೆ ಅನುಕೂಲಸ್ಥರ ಬಡಾವಣೆಗಳಲ್ಲಿ ನೆಲಸಿತು. ಉಪಕರಣಗಳು ಬಂದುವು, ಕೊಠಡಿಯ ಕರಾರು ಬರಲಿಲ್ಲ.

ನಮ್ಮ ಪಟ್ಟಣಗಳ ಪುನರ್ನಿರ್ಮಾಣಕ್ಕೆ ಮೊದಲು ಪ್ರೇರಣೆಯಾದುದು ಪ್ಲೇಗು. ಮುಂಬಯಿಯಲ್ಲಿ 1896ರಲ್ಲಿ ಕಾಣಿಸಿಕೊಂಡ ಆ ಮಹಾಮಾರಿಯ ಫಲವಾಗಿ 1898ರಲ್ಲಿ ಅಲ್ಲಿ ನಗರಾಭಿವೃದ್ಧಿ ಟ್ರಸ್ಟು ಏರ್ಪಟ್ಟಿತು. ಬೆಂಗಳೂರಿಗೂ 1898ರಲ್ಲಿ ಪ್ಲೇಗು ಬಂದು, ಇಕ್ಕಟ್ಟಾದ ಪೇಟೆಯಿಂದ ಜನರನ್ನು ಹೊರಗೆ ತರುವ ಉದ್ದೇಶದಿಂದ ಬಸವನಗುಡಿ, ಮಲ್ಲೇಶ್ವರಗಳು ಬೆಳೆದುವು. ಮೈಸೂರಿನ ನಗರಾಭಿವೃದ್ಧಿ ಟ್ರಸ್ಟು 1903ರದು, ಬೆಂಗಳೂರಿನದು 1945ರದು. ಅಗಲವಾದ ಬೀದಿ, ಉದ್ಯಾನ, ದೇವಸ್ಥಾನ, ಪಾಠಶಾಲೆಗಳಿಂದ ಕೂಡಿದ ಬಡಾವಣೆಗಳನ್ನು ಕಂಡು ನಾವು ಹೆಮ್ಮೆಪಡುವುದು ನ್ಯಾಯವೇ ಆಗಿದೆ. ಆ ಮನೆಗಳಿಗೆ ಪಾತ್ರೆ ತಿಕ್ಕಲು ಬಂದ ಹೆಂಗಸಿನ ಮಗುವು ಎಲ್ಲಿತ್ತು ಎಂದು ಕೇಳಿದರೆ ಮಾತ್ರ ಹೆಮ್ಮೆಯು ಸ್ವಲ್ಪ ತಗ್ಗುತ್ತದೆ.

ಹಾಗೆಂದು ನಮ್ಮ ಶಾಸನಗಳು ಈ ಮಗುವನ್ನು ಕಾಣದೆ ಹೋಗಿಲ್ಲ. 1976ರ ಬೆಂಗಳೂರು ಅಭಿವೃದ್ಧಿ ಪ್ರಾಧಿಕಾರದ ಕಾಯಿದೆಯಲ್ಲಿ ನಾಗರಿಕ ಸೌಕರ್ಯಗಳು ಯಾವುವೆಂದು ತಿದ್ದುಪಡಿಯ ಮೂಲಕ ಸೇರಿಸಿದ ಪಟ್ಟಿಯಲ್ಲಿ ಅಂಚೆಮನೆ, ಹಾಲಿನ ಕಟ್ಟೆ, ಔಷಧಾಲಯ, ಹೆರಿಗೆಯ ಆಸ್ಪತ್ರೆ, ಪುಸ್ತಕಭಂಡಾರಗಳ ಜೊತೆಯಲ್ಲಿ ಶಿಶುಪಾಲನಾ ಕೇಂದ್ರವೂ ಸೇರಿದೆ. ಜನರು ‘ಸಿ. ಎ. ನಿವೇಶನ’ ಎಂದು ಕರೆಯುವ ಆ ಜಾಗಗಳನ್ನು ಸಂಘಸಂಸ್ಥೆಗಳಿಗೆ ಮೂವತ್ತು ವರ್ಷಗಳ ಗುತ್ತಿಗೆಗೆ ಕೊಡುವ ಕ್ರಮವನ್ನು 1989ರ ನಿಯಮಗಳು ಗೊತ್ತುಮಾಡಿದುವು. ಡೆಟ್‌ಫರ್ಡಿನ ಒಂದು ದಿನಕ್ಕೂ ಈ ಮೂವತ್ತು ವರ್ಷಕ್ಕೂ ಇರುವ ಅಂತರವು ಸಾಮಾನ್ಯವಾದುದಲ್ಲ. ಆದರೆ ಒಂದೇ ಪಟ್ಟಿಯಲ್ಲಿ ಅನೇಕ ಹೆಸರುಗಳಿರುವಾಗ, ಒಂದೇ ನಿವೇಶನಕ್ಕಾಗಿ ಅವುಗಳೆಲ್ಲ ಕೈ ಚಾಚುವುವು. ಹಣವುಳ್ಳ ಸಂಸ್ಥೆಯ ದರ್ಖಾಸ್ತು ಅಚ್ಚುಕಟ್ಟಾಗಿ ಬರುತ್ತದೆ. ಪಾತ್ರೆ ತಿಕ್ಕುವ ತಾಯಿಗೆ ದರ್ಖಾಸ್ತು ಬರೆಯುವ ವಿರಾಮವೆಲ್ಲಿ? ನಕ್ಷೆಯಲ್ಲಿ ಸೌಕರ್ಯವೆಂದು ಬರೆದರೆ ಸಾಲದು, ಮಕ್ಕಳದೆಂದೇ ಬರೆಯಬೇಕು.

ಇತ್ತ ಗ್ರಾಮಗಳ ಕಡೆ ನೋಡಿದರೆ, ಸಮಗ್ರ ಶಿಶು ಅಭಿವೃದ್ಧಿ ಯೋಜನೆಯು 1975ರ ಅಕ್ಟೋಬರ್ 2ರಂದು ದೇಶದಲ್ಲಿ ಆರಂಭವಾದಾಗ ನಮ್ಮ ರಾಜ್ಯದಲ್ಲಿ ಅದಕ್ಕೆ ಆಯ್ಕೆಯಾದುದು ತಿರುಮಕೂಡಲು ನರಸೀಪುರ. ಅಲ್ಲಿಂದ ಅಂಗನವಾಡಿ ಎಂಬ ಹೆಸರು ಮನೆಮಾತಾಯಿತು. 2023ರಲ್ಲಿ ಕರ್ನಾಟಕ ಸರ್ಕಾರವು 4,000 ಗ್ರಾಮ ಪಂಚಾಯತಿಗಳಲ್ಲಿ ದುಡಿಯುವ ತಾಯಂದಿರ ಶಿಶುಗಳಿಗಾಗಿ ಪಾಲನಾ ಕೇಂದ್ರಗಳನ್ನು ತೆರೆಯುವುದಾಗಿ ಸಾರಿ, ಅವುಗಳಿಗೆ ‘ಕೂಸಿನ ಮನೆ’ ಎಂಬ ಹೆಸರನ್ನಿಟ್ಟಿತು. ರೋಮ್ ನಗರದ ಆ ಹೆಸರಿಗೆ ಇದಕ್ಕಿಂತ ಸೊಗಸಾದ ಕನ್ನಡವನ್ನು ಹುಡುಕಬೇಕಾಗಿಲ್ಲ. ಕೂಸಿಗೆ ಶಾಲೆಯಲ್ಲ, ಮನೆ; ಆ ಮಾತಿನಲ್ಲಿಯೇ ಅದರ ಕರಾರೂ ಅಡಗಿದೆ. ಏಕೆಂದರೆ ಮನೆಯೆಂಬುದು ನಾಳೆ ಬಿಡು ಎನ್ನಿಸಿಕೊಳ್ಳಬಾರದ ಸ್ಥಳ.

ನಾವು ಹೇಳಿದ ಸಂಗತಿಗಳಿಂದ ತಿಳಿಯುವುದು ಇಷ್ಟು. ಸಾನ್ ಲೊರೆಂಜೊದ ಧಣಿಯು ಕೊಠಡಿಯನ್ನು ಕೊಟ್ಟನು, ಹಕ್ಕನ್ನು ಕೊಡಲಿಲ್ಲ. ಲಂಡನ್ನಿನ ಕೌನ್ಸಿಲು ಬಾಡಿಗೆಯನ್ನು ಬಿಟ್ಟಿತು, ಅವಧಿಯನ್ನು ಕೊಡಲಿಲ್ಲ. ವಿಯೆನ್ನಾ ನಗರವು ಅವೆರಡನ್ನೂ ಕೊಟ್ಟು, ಅದಕ್ಕೆ ತಕ್ಕ ತೆರಿಗೆಯನ್ನು ಉಳ್ಳವರಿಂದ ಎತ್ತಿತು. ಒಂದು ಪೌರಸಭೆಯು ಮಕ್ಕಳಲ್ಲಿ ಎಷ್ಟು ಮಮತೆಯುಳ್ಳದ್ದೆಂದು ತಿಳಿಯಬೇಕಾದರೆ, ಮಕ್ಕಳ ದಿನಾಚರಣೆಯ ಭಾಷಣಗಳನ್ನು ಕೇಳುವುದರಿಂದ ಪ್ರಯೋಜನವಿಲ್ಲ. ಅದರ ಗುತ್ತಿಗೆಯ ದಫ್ತರವನ್ನು ತೆಗೆದು ನೋಡಬೇಕು. ಬಾಡಿಗೆ ಎಷ್ಟು, ಅವಧಿ ಎಷ್ಟು, ಬಿಡಿಸುವ ವಾಯಿದೆ ಎಷ್ಟು, ಹೊರಗೆ ಹಾಕುವ ಅಧಿಕಾರ ಯಾರದು ಎಂಬ ನಾಲ್ಕು ಅಂಕಣಗಳಲ್ಲಿ ಆ ಮಮತೆಯ ಅಳತೆಯು ಬರೆದಿರುತ್ತದೆ. ಪಟ್ಟಣದ ವಿದ್ಯಾವಂತರು ತಮ್ಮ ತಮ್ಮ ಬಡಾವಣೆಯ ಮಟ್ಟಿಗಾದರೂ ಆ ಅಂಕಣಗಳನ್ನು ಓದುವ ಅಭ್ಯಾಸವನ್ನು ಬೆಳೆಸಿಕೊಂಡರೆ, ಅದು ಪೌರಧರ್ಮದ ಸಣ್ಣ ಭಾಗವಾಗಲಾರದು.